ಗೋಡಿನಡಿಯ ಬಾಂದು ಕಲ್ಲು

ತೆಂಗಿನಕಾಯಿ ಒಂದು ಬಿದ್ದರೆ ಇಬ್ಬರು ಓಡಿ ಬರುವ ತೋಟವನ್ನು ನೀವು ನೋಡಿದ್ದೀರಾ? ನಮ್ಮೂರಲ್ಲಿ ಅಂಥದ್ದೊಂದಿತ್ತು. ಶೆಟ್ಟಿಕೆರೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ನಮ್ಮೂರು. ನಾನು ಇಲ್ಲಿನ ಅಂಗನವಾಡಿ ಕಾರ್ಯಕರ್ತೆ ದ್ರಾಕ್ಷಾಯಣಮ್ಮ. ಯಾರೋ ಹೇಳಿದ್ದನ್ನಲ್ಲ, ಕಣ್ಣಾರೆ ಕಂಡಿದ್ದನ್ನು ಹೇಳುತ್ತಿದ್ದೇನೆ.

ಶಂಭುಲಿಂಗಯ್ಯನವರ ತೋಟಕ್ಕೆ ರೇವಣಸಿದ್ದಯ್ಯನವರ ತೋಟ ಅಂಟಿಕೊಂಡಿದೆ. ನಡುವೆ ಆರು ತೆಂಗಿನ ಮರದ ಒಂದು ಸಾಲು. ಅದು ನನ್ನದು ಅಂತ ಇವರು, ನನ್ನದು ಅಂತ ಅವರು. ಗಡಿ ತೋರಿಸಬೇಕಾದ ಬಾಂದು ಕಲ್ಲು ಮಾತ್ರ ಕಾಣುತ್ತಿರಲಿಲ್ಲ. ನೀನೇ ಕಿತ್ತೆ ಅಂತ ಒಬ್ಬರ ಮೇಲೊಬ್ಬರು ಹೊರಿಸಿದರು. ನಮ್ಮ ಕಡೆ ಕಳ್ಳ ಅಂದರೂ ಸಹಿಸಿಕೊಂಡಾರು, ಬಾಂದು ಕಲ್ಲು ಕಿತ್ತವನು ಅಂದರೆ ಸಹಿಸುವುದಿಲ್ಲ. ಹನ್ನೆರಡು ವರ್ಷ ಮಾತಿಲ್ಲ, ಕಥೆಯಿಲ್ಲ. ಒಬ್ಬರ ಮನೆ ಮದುವೆಗೆ ಇನ್ನೊಬ್ಬರಿಲ್ಲ. ಕಾಯಿ ದೊಪ್ಪೆಂದು ಬಿದ್ದರೆ ಮಾತ್ರ ಇಬ್ಬರೂ ಹಾಜರು!

ಶಂಭುಲಿಂಗಯ್ಯನವರಿಗೆ ಒಬ್ಬಳೇ ಮಗಳು, ನಿಸರ್ಗ. ನನ್ನ ಅಂಗನವಾಡಿಯಲ್ಲೇ ಅ ಆ ತಿದ್ದಿದವಳು. ಈ ವರ್ಷ ಸೈನ್ಸ್ ತೆಗೆದುಕೊಂಡು ಪಿಯುಸಿ ಮುಗಿಸಿದಳು, ಗಣಿತದಲ್ಲಿ ತೊಂಬತ್ತಾರು. ವಿಶ್ವವಿದ್ಯಾಲಯದಲ್ಲಿ ಸರ್ವೆ ಓದಬೇಕೆಂದು ಅರ್ಜಿ ತುಂಬಿ ಇಟ್ಟುಕೊಂಡಿದ್ದಳು. ಅಪ್ಪನ ಸಹಿ ಬಾಕಿ, ಶನಿವಾರ ಕೊನೆಯ ದಿನ.

ಬುಧವಾರ ನಾನು ಅವರ ಮನೆಗೆ ಹೋದಾಗ ಅದೇ ರಾಮಾಯಣ ನಡೆದಿತ್ತು.

"ಹೊಲ ಅಳೆಯೋಕೆ ಯೂನಿವರ್ಸಿಟಿ ಯಾಕೆ ಬೇಕು? ಸರಪಳಿ ಎಳೆಯೋದನ್ನ ಯಾರಾದ್ರೂ ಓದ್ತಾರಾ?" ಎಂದು ಶಂಭುಲಿಂಗಯ್ಯ ರೇಗಿದರು. "ತಿಪಟೂರಲ್ಲಿ ಬಿ.ಕಾಂ. ಐತೆ. ಬೆಳಿಗ್ಗೆ ಬಸ್ಸತ್ತು, ಸಾಯಂಕಾಲ ಮನೆಗೆ ಬಾ."

"ನಂಗೆ ಅದ್ರಲ್ಲಿ ಮನಸ್ಸಿಲ್ಲ ಅಪ್ಪಾಜಿ," ಎಂದಳು ನಿಸರ್ಗ.

"ಮನಸ್ಸು ಕಟ್ಕೊಂಡು ಏನ್ ಮಾಡ್ತೀಯ? ಬಿಸಿಲಲ್ಲಿ ಊರೂರು ಅಲೀತೀಯ?"

ಅವರ ಹೆಂಡತಿ ಗುರುಸಿದ್ದಮ್ಮ ನನ್ನ ಮುಖ ನೋಡಿದರು. ನನಗೂ ಆವತ್ತಿಗೆ ಆ ಓದಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಕಾಫಿ ಕುಡಿದು ಬಂದೆ.

ಶುಕ್ರವಾರ ಬೆಳಿಗ್ಗೆ ತೋಟಕ್ಕೆ ಸರ್ವೆಯವರು ಬಂದರು. ಗಡಿ ಗುರುತಿಸಿಕೊಡಿ ಎಂದು ರೇವಣಸಿದ್ದಯ್ಯ ಅರ್ಜಿ ಹಾಕಿದ್ದರು. ಅಕ್ಕಪಕ್ಕದವರಿಗೆ ನೋಟೀಸು ಬಂದಿತ್ತು. ಸರ್ವೆಯರ್ ಎಂದರೆ ದೊಡ್ಡ ಮೀಸೆಯವರು ಯಾರೋ ಬರುತ್ತಾರೆಂದು ಕಾದಿದ್ದೆವು. ಸ್ಕೂಟರಿನಿಂದ ಇಳಿದದ್ದು ಇಪ್ಪತ್ತೇಳು ಇಪ್ಪತ್ತೆಂಟರ ಒಬ್ಬ ಹೆಣ್ಣುಮಗಳು. ತಲೆಗೆ ದುಪಟ್ಟಾ, ಕಾಲಿಗೆ ಬೂಟು, ಬೆನ್ನಿಗೊಂದು ಉದ್ದನೆಯ ಚೀಲ. ಹೆಸರು ಮಾಹಿರಾ.

"ನಿನ್ನ ಎಲ್ಲೋ ನೋಡಿದಂಗೈತಲ್ಲಮ್ಮ?" ಎಂದರು ಶಂಭುಲಿಂಗಯ್ಯ.

"ಚಿಕ್ಕನಾಯಕನಹಳ್ಳಿ ಫಕ್ರುದ್ದೀನ್ ಅವ್ರ ಮಗಳು ಯಜಮಾನ್ರೇ. ನಿಮ್ಮ ಬೋರಿನ ಮೋಟ್ರು ಕಟ್ಟೋರು ನಮ್ಮಪ್ಪನೇ."

"ಹೌದಾ! ಮೋಟ್ರು ಸಾಬ್ರ ಮಗಳಾ?" ಎಂದವರೇ ನನ್ನ ಕಡೆ ತಿರುಗಿ, "ನೋಡೋಣ, ಈ ಮಗು ಏನ್ ಅಳೀತದೆ," ಎಂದು ಮೆಲ್ಲಗೆ ನಕ್ಕರು.

ಮಾಹಿರಾ ಮೊದಲು ತೆಗೆದದ್ದು ಒಂದು ಕಾಗದ. ನಮ್ಮ ತೋಟಗಳ ಹಳೇ ನಕ್ಷೆಯ ನಕಲು. ಅದಕ್ಕೆ ಟಿಪ್ಪಣಿ ಎನ್ನುತ್ತಾರಂತೆ. ನೂರು ವರ್ಷಕ್ಕೂ ಹಿಂದೆ ಯಾರೋ ಪುಣ್ಯಾತ್ಮ ಇದೇ ಮಣ್ಣಿನ ಮೇಲೆ ನಡೆದು, ಅಳೆದು, ಪ್ರತಿ ಕಲ್ಲಿನಿಂದ ಪ್ರತಿ ಕಲ್ಲಿಗೆ ಎಷ್ಟು ದೂರ ಎಂದು ಬರೆದಿಟ್ಟಿದ್ದ. ಆ ಸಣ್ಣ ಅಂಕಿಗಳನ್ನು ನೋಡಿ ನನಗೆ ಮೈ ಜುಮ್ಮೆಂದಿತು. ಆಗ ಈ ಆರು ಮರಗಳೂ ಇರಲಿಲ್ಲ, ಜಗಳವೂ ಇರಲಿಲ್ಲ.

ಆಮೇಲೆ ಚೀಲದಿಂದ ಒಂದು ಕೋಲು ಬಂತು. ತುದಿಯಲ್ಲಿ ಚೆಂಬಿನ ಗಾತ್ರದ ಒಂದು ಯಂತ್ರ.

"ಇದು ರೋವರ್ ಅಂತ ಅಮ್ಮ," ಎಂದಳು ಮಾಹಿರಾ. "ಆಕಾಶದಲ್ಲಿ ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲೆ ಉಪಗ್ರಹಗಳು ಸುತ್ತುತಾ ಇರ್ತಾವಲ್ಲ, ಅವುಗಳ ಸಂಕೇತ ಹಿಡೀತದೆ. ನಾವು ಭೂಮಿ ಮೇಲೆ ಎಲ್ಲಿ ನಿಂತಿದ್ದೀವಿ ಅಂತ ಎರಡು ಬೆರಳಿನಷ್ಟು ಹೆಚ್ಚುಕಡಿಮೆಯಲ್ಲಿ ಹೇಳ್ತದೆ."

"ಎರಡು ಬೆರಳಾ!" ಎಂದು ಗುರುಸಿದ್ದಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ನಾನಂತೂ ತಲೆಯೆತ್ತಿ ಆಕಾಶ ನೋಡಿದೆ. ಕಂಡದ್ದು ಎರಡು ಹದ್ದು ಮಾತ್ರ.

ಓಣಿಯ ಮೂಲೆಯಲ್ಲಿ ಒಂದು ಬಾಂದು ಕಲ್ಲು, ಹಳ್ಳದ ಪಕ್ಕ ಇನ್ನೊಂದು, ಎರಡೂ ಉಳಿದಿದ್ದವು. ಮಾಹಿರಾ ಎರಡನ್ನೂ ಅಳೆದು, ನಕ್ಷೆಗೆ ಹೊಂದಿಸಿಕೊಂಡಳು. ತೋಟದೊಳಗೆ ಬಂದಾಗ ತೊಡಕಾಯಿತು. ಗರಿ ದಟ್ಟವಾಗಿದ್ದರಿಂದ ಸಂಕೇತ ಸರಿಯಾಗಿ ಸಿಗಲಿಲ್ಲ.

"ಇಲ್ಲಿ ಟೇಪೇ ಗತಿ. ಒಬ್ರು ತುದಿ ಹಿಡ್ಕೊಳ್ರಪ್ಪ," ಎಂದಳು. ನಿಸರ್ಗ ಆಗಲೇ ಓಡಿ ಹೋಗಿ ಹಿಡಿದುಕೊಂಡಿದ್ದಳು.

"ಓಣಿ ಕಲ್ಲಿಂದ ಏಳು ಸರಪಳಿ, ನಾಲ್ಕು ಆಣೆ ಅಂತ ಐತೆ. ಒಂದು ಸರಪಳಿಗೆ ಮೂವತ್ಮೂರು ಅಡಿ, ಹದಿನಾರು ಆಣೆ. ಎಷ್ಟಾಯ್ತು ಹೇಳು ನೋಡೋಣ?"

"ಇನ್ನೂರ ಮೂವತ್ತೊಂಬತ್ತು ಅಡಿ, ಮೂರು ಇಂಚು," ಎಂದಳು ನಿಸರ್ಗ, ಕಣ್ಣು ಮುಚ್ಚಿ ಬಿಡುವುದರೊಳಗೆ.

ಮಾಹಿರಾ ತನ್ನ ಯಂತ್ರದಲ್ಲಿ ಒತ್ತಿ ನೋಡಿದಳು. ಅದೂ ಅಷ್ಟೇ ಹೇಳಿತು. "ಶಭಾಷ್! ಏನ್ ಓದ್ಬೇಕು ಅಂತಿದ್ದೀಯ?" ಎಂದಳು. ನಿಸರ್ಗ ಅಪ್ಪನ ಕಡೆ ನೋಡಿದಳು. ಅಪ್ಪ ಮರದ ಕಡೆ ನೋಡಿದರು.

ಗುರುಸಿದ್ದಮ್ಮನೇ ಬಾಯಿ ಬಿಟ್ಟರು. "ನಿನ್ ಥರನೇ ಸರ್ವೆ ಓದ್ತೀನಿ ಅಂತಾಳೆ ಕಣಮ್ಮ. ಹೆಣ್ಣುಮಗು, ಹೊಲ ಹೊಲ ಅಲೀಬೇಕಲ್ಲ ಅಂತ ನಮಗೆ ದಿಗಿಲು."

"ನಮ್ಮಮ್ಮನಿಗೂ ಇದೇ ದಿಗಿಲಿತ್ತು," ಎಂದು ಮಾಹಿರಾ ನಕ್ಕಳು. "ನಾನು ಹೊಲಕ್ಕೆ ಬತ್ತೀನಿ, ನಂಗೆ ಇಷ್ಟ ಅದಕ್ಕೆ. ಸರ್ಕಾರದ ಪರವಾನಗಿ ತಗೊಂಡು ಸ್ವಂತವಾಗಿ ಮಾಡ್ತೀನಿ. ನನ್ನ ಜೊತೆ ಓದಿದೋರು ಎಲ್ಲೆಲ್ಲಿ ಅವ್ರೆ ಕೇಳಿ. ಒಬ್ಳು ರೈಲ್ವೆ ಹಳಿ ಎಲ್ಲಿ ಹೋಗ್ಬೇಕು ಅಂತ ಗುರುತು ಮಾಡ್ತಾಳೆ. ಒಬ್ಳು ಡ್ರೋನ್ ಹಾರಿಸಿ ಹಳ್ಳಿ ಮನೆಗಳ ನಕ್ಷೆ ತೆಗೀತಾಳೆ. ಒಬ್ಳು ಆಫೀಸಲ್ಲೇ ಕೂತು ಕಂಪ್ಯೂಟರಲ್ಲಿ ಮ್ಯಾಪ್ ಮಾಡ್ತಾಳೆ. ಇನ್ನೊಬ್ಬ ಹಡಗಲ್ಲಿ ಹೋಗಿ ಸಮುದ್ರದ ತಳ ಅಳೀತಾನೆ."

"ಸಮುದ್ರದ ತಳನಾ?" ಈ ಸಲ ಕೇಳಿದವರು ಶಂಭುಲಿಂಗಯ್ಯ.

"ಹೂಂ ಯಜಮಾನ್ರೇ. ನಮ್ಮ ಬೋರನಕಣಿವೆಯಂಥ ಡ್ಯಾಮಲ್ಲೂ ದೋಣಿ ಮೇಲೆ ಕೂತು, ನೀರಿನಡಿ ಎಷ್ಟು ಹೂಳು ತುಂಬೈತೆ ಅಂತ ಅಳೀಬಹುದು. ರಸ್ತೆ, ಕಾಲುವೆ, ಗಣಿ, ಸೋಲಾರ್ ಪಾರ್ಕು, ಏನೇ ಕಟ್ಟಿದ್ರೂ ಮೊದಲು ಹೆಜ್ಜೆ ಇಡೋರು ನಾವೇ."

ಶಂಭುಲಿಂಗಯ್ಯ ಮತ್ತೆ ತೋಟದ ಕಡೆ ತಿರುಗಿದರು. ಟೇಪು ಹೋಗಿ ನಿಂತ ಜಾಗ ನೋಡಿ ಅವರ ಮುಖ ಕಪ್ಪಿಟ್ಟಿತ್ತು. ಅದು ಆರು ಮರದ ಸಾಲಿನಿಂದ ಒಂಬತ್ತು ಅಡಿ ಅವರ ಕಡೆಗೇ ಇತ್ತು. ಕಲ್ಲು ಅಲ್ಲಿ ಸಿಕ್ಕರೆ ಆರೂ ಮರ ರೇವಣಸಿದ್ದಯ್ಯನ ಪಾಲು.

"ಇಲ್ಲಿ ಅಗೀರಿ," ಎಂದಳು ಮಾಹಿರಾ.

ಆಳುಗಳು ಅಗೆದರು. ಒಂದಡಿ ಹೋಯಿತು, ಕಲ್ಲಿಲ್ಲ. ಒಂದೂವರೆ ಅಡಿ, ಕಲ್ಲಿಲ್ಲ. ರೇವಣಸಿದ್ದಯ್ಯ ಬಗ್ಗಿ ಬಗ್ಗಿ ನೋಡಿ ಬೆವರು ಒರೆಸಿಕೊಂಡರು. ಶಂಭುಲಿಂಗಯ್ಯನವರಿಗೆ ಜೀವ ಬಂತು.

"ಉಪಗ್ರಹ ಅಂತೆ, ಉಪಗ್ರಹ! ಮುಚ್ಚಿ ಗುಂಡಿ. ಕಲ್ಲು ಕಣ್ಣಿಗೆ ಬೀಳೋವರೆಗೂ ನಾನು ಒಪ್ಪಲ್ಲ. ಮೇಲೆ ಅರ್ಜಿ ಹಾಕ್ತೀನಿ, ಇನ್ನೂ ಹನ್ನೆರಡು ವರ್ಷ ನಡೀಲಿ."

"ಅಳತೆ ತಪ್ಪಿಲ್ಲ ಯಜಮಾನ್ರೇ," ಎಂದು ಮಾಹಿರಾ ಮತ್ತೆ ನಕ್ಷೆಗೆ ತಲೆ ಹಾಕಿದಳು. ಆಳುಗಳು ಗುದ್ದಲಿ ಹೆಗಲಿಗೇರಿಸಿದರು.

ಆಗ ನಿಸರ್ಗ ಗುಂಡಿಯ ಪಕ್ಕ ಕೂತು ಒಂದು ಹಿಡಿ ಮಣ್ಣು ತೆಗೆದು ನೋಡಿದಳು. "ಅಪ್ಪಾಜಿ, ಇದು ಇನ್ನೂ ಕಪ್ಪಗೇ ಐತೆ. ಇದು ನಮ್ಮ ಮಣ್ಣಲ್ಲ, ಕೆರೆ ಗೋಡು. ನಮ್ಮದು ಕೆಂಪು ಮಣ್ಣು. ಕಲ್ಲು ನೆಟ್ಟಿದ್ದು ಕೆಂಪು ಮಣ್ಣಲ್ಲಿ. ಅದು ಬರೋವರೆಗೂ ಅಗೀಬೇಕು."

ತೆಂಗು ಬೆಳೆಯುವ ನಮಗೆ ಗೋಡು ಎಂದರೆ ಏನೆಂದು ಹೇಳಿಕೊಡಬೇಕೇ? ಕೆರೆ ಒಣಗಿದಾಗಲೆಲ್ಲ ಅದರ ತಳದ ಕಪ್ಪು ಮಣ್ಣನ್ನು ತಂದು ಮರದ ಬುಡಕ್ಕೆ ಹರಡುತ್ತೇವೆ. ಅಜ್ಜನ ಕಾಲದಲ್ಲಿ ಗಾಡಿಯಲ್ಲಿ, ಅಪ್ಪನ ಕಾಲದಲ್ಲಿ ಟ್ರ್ಯಾಕ್ಟರಿನಲ್ಲಿ. ಅದರಲ್ಲೂ ಆ ಮೂಲೆ ತಗ್ಗು. ನೆಲ ಸಮ ಮಾಡಲು ಶಂಭುಲಿಂಗಯ್ಯ ಬೇರೆ ಕಡೆಗಿಂತ ಹೆಚ್ಚೇ ಹೊಡೆಸಿದ್ದರು.

ಸುಮ್ಮನಿದ್ದಿದ್ದರೆ ಅಪ್ಪನ ಆರು ಮರ ಉಳಿಯುತ್ತಿತ್ತು, ಅಪ್ಪನ ಸಹಿಯೂ ಸಿಗುತ್ತಿತ್ತೇನೋ. ಮರುದಿನವೇ ಶನಿವಾರ. ಹುಡುಗಿಗೆ ಅದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಆಳಿನ ಕೈಯಿಂದ ಹಾರೆ ಇಸಿದುಕೊಂಡು ತಾನೇ ಗುಂಡಿಗಿಳಿದಳು.

ಎರಡಡಿಗೆ ಮಣ್ಣು ಕೆಂಪಾಗತೊಡಗಿತು. ಹಾರೆ ಠಣ್ ಎಂದಿತು.

ಕೈಯಲ್ಲೇ ಮಣ್ಣು ಸರಿಸಿದೆವು. ಕಲ್ಲು ನೆಟ್ಟಗೆ ನಿಂತಿತ್ತು! ನೆತ್ತಿಯ ಮೇಲೆ ಉಳಿಯಲ್ಲಿ ಹಾಕಿದ ಗೀರು ಇನ್ನೂ ಇತ್ತು. ಟೇಪು ತೋರಿಸಿದ ಜಾಗಕ್ಕೂ ಅದಕ್ಕೂ ಒಂದು ಗೇಣೂ ವ್ಯತ್ಯಾಸವಿಲ್ಲ. ನೂರು ವರ್ಷದ ಹಿಂದಿನ ಒಬ್ಬನ ಸರಪಳಿ, ಆಕಾಶದ ಉಪಗ್ರಹ, ನಮ್ಮೂರ ಹುಡುಗಿಯ ಲೆಕ್ಕ, ಮೂರೂ ಬಂದು ಒಂದೇ ಕಲ್ಲಿನ ಮೇಲೆ ಕೈಯಿಟ್ಟಿದ್ದವು. ಗುರುಸಿದ್ದಮ್ಮ ಕೈ ಮುಗಿದರು. ನನ್ನ ಕಣ್ಣಲ್ಲಿ ನೀರು ಬಂತು, ಯಾಕೆಂದು ಇವತ್ತಿಗೂ ಹೇಳಲಾರೆ.

"ಯಾರೂ ಕಿತ್ತಿಲ್ಲ ಯಜಮಾನ್ರೇ. ನೀವೇ ಹೂತಿದ್ದೀರಿ," ಎಂದಳು ಮಾಹಿರಾ ಮೆತ್ತಗೆ.

ಶಂಭುಲಿಂಗಯ್ಯ ಬಗ್ಗಿ ಕಲ್ಲಿನ ನೆತ್ತಿಗೆ ಅಂಟಿದ್ದ ಕೆಂಪು ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದರು. ಆಮೇಲೆ ಮಗಳಿಗೆ, "ಅಪ್ಪನ ಮರ ಹೋಗ್ತವೆ ಅಂತ ಗೊತ್ತಿದ್ದೂ ಅಗೀರಿ ಅಂದ್ಯಲ್ಲೇ?" ಎಂದರು.

"ನಾನು ಯಾರ ಮಗಳು ಅಂತ ಕಲ್ಲಿಗೇನ್ ಗೊತ್ತು ಅಪ್ಪಾಜಿ? ಮರ ಹೋದ್ರೆ ಹೋಗ್ಲಿ ಬುಡಿ. ನಿಮ್ಮನ್ನ ಕಲ್ಲು ಕಿತ್ತೋರು ಅಂತಿದ್ರಲ್ಲ, ಅದನ್ನ ನನ್ ಕೈಲಿ ಕೇಳೋಕಾಗ್ತಿರಲಿಲ್ಲ."

ಆ ದೊಡ್ಡ ಮನುಷ್ಯ ಮಗಳ ತಲೆ ಸವರಿದರು. ಆಮೇಲೆ ನೇರ ಹೋಗಿ ರೇವಣಸಿದ್ದಯ್ಯನ ಕೈ ಹಿಡಿದರು. "ತಪ್ಪಾಯ್ತು ಕಣಪ್ಪ. ಹನ್ನೆರಡು ವರ್ಷ ಸುಳ್ಳು ಹೊರಿಸಿದೆ."

"ನಾನೇನ್ ಕಮ್ಮಿ ಬೈದಿದ್ದೀನಾ? ಬುಡಣ್ಣ," ಎಂದರು ರೇವಣಸಿದ್ದಯ್ಯ. ಆಮೇಲೆ ಆಳುಗಳ ಕಡೆ ತಿರುಗಿ ಕೂಗಿದರು. "ಲೇ, ಯಾರ್ಲಾ ಅಲ್ಲಿ? ಮೊದಲನೇ ಮರ ಹತ್ತಿ ಎಳನೀರು ಕೆಡವ್ರೋ. ಮೊದಲನೇದು ಈ ಮಗೀಗೆ."

ಶಂಭುಲಿಂಗಯ್ಯ ಮಗಳ ಮುಂದೆ ಕೈ ಚಾಚಿದರು. "ಎಲ್ಲೈತೆ ಆ ಅರ್ಜಿ? ಕೊಡು."

ನಿಸರ್ಗ ಅದನ್ನು ಮೂರು ದಿನದಿಂದ ಮಡಚಿ ಜೊತೆಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಳಂತೆ. ಮಾಹಿರಾ ನಕ್ಷೆ ಇಟ್ಟುಕೊಂಡಿದ್ದ ಹಲಗೆಯ ಮೇಲಿಟ್ಟು ಶಂಭುಲಿಂಗಯ್ಯ ಸಹಿ ಹಾಕಿದರು. ಪಕ್ಕದಲ್ಲಿ ಅವರ ಹೆಬ್ಬೆರಳಿನ ಕೆಂಪು ಅಚ್ಚೂ ಮೂಡಿತು. ಶನಿವಾರ ಆ ಮಣ್ಣಿನ ಗುರುತಿನ ಸಮೇತ ಅರ್ಜಿ ಹೋಯಿತು. ಸೀಟು ಸಿಕ್ಕಿ, ಈಗ ನಿಸರ್ಗ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿದ್ದಾಳೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಲೆಕ್ಕ ಇಷ್ಟಪಡುವ, ಬಿಸಿಲಿಗೆ ಹೆದರದ ಒಂದು ಮಗು ಇರಬಹುದು. ಹತ್ತನೇ ತರಗತಿ ಆದವರಿಗೆ ಡಿಪ್ಲೊಮಾ ಇದೆ. ಪಿಯುಸಿಯಲ್ಲಿ ಸೈನ್ಸ್, ಗಣಿತ ಓದಿದವರಿಗೆ ಪದವಿ ಇದೆ. ಒಂದು ಕಡೆ ಸರ್ವೆ ಎನ್ನುತ್ತಾರೆ, ಒಂದು ಕಡೆ ಜಿಯೋಮ್ಯಾಟಿಕ್ಸ್, ಇನ್ನೊಂದು ಕಡೆ ಜಿಯೋ ಇನ್ಫರ್ಮ್ಯಾಟಿಕ್ಸ್. ಕೆಲವು ಕಡೆ ಸಿವಿಲ್ ಇಂಜಿನಿಯರಿಂಗಿನ ಒಳಗೇ ಕಲಿಸುತ್ತಾರೆ. ಮಗುವಿನ ಮೇಷ್ಟರನ್ನು ಕೇಳಿ, ಕಾಲೇಜಿಗೆ ಹೋಗಿ ವಿಚಾರಿಸಿ, ವಿದ್ಯಾರ್ಥಿವೇತನ, ಹಾಸ್ಟೆಲು ಇದೆಯೇ ತಿಳಿದುಕೊಳ್ಳಿ. ಕೊನೆಯ ದಿನ ಗುರುತು ಹಾಕಿಟ್ಟುಕೊಳ್ಳಿ. ಸರಪಳಿ ಎಳೆಯುವ ಕೆಲಸ ಎಂದು ಮೂಗು ಮುರಿಯಬೇಡಿ.

ಕಲ್ಲು ಇದ್ದಲ್ಲೇ ಇರುತ್ತದೆ. ಅದನ್ನು ಹುಡುಕಿಕೊಡುವ ಮಕ್ಕಳನ್ನು ಓದಲು ಬಿಡಿ.