ಖಾಲಿಯಾಗುತ್ತಿದ್ದ ಡಬ್ಬಿ

ಧೂಪ ಹಾಕಿ ಕೈಮುಗಿದ ಕುಮೆದಾ ಬಿಕ್ಕಿ ಬಿಕ್ಕಿ ಅಳತೊಡಗಿದಾಗ, ಸತ್ತವಳ ಗಂಡ ತೋಕುಜಿರೊ ಮನಸ್ಸಿನಲ್ಲೇ ಅಂದುಕೊಂಡ: ಇವನೇ.

ಬೆಳಿಗ್ಗೆಯಿಂದ ಅವನಿಗೆ ಇದೇ ಕೆಲಸ. ಹೆಂಡತಿ ಇಸೊಯೆಯ ಚಿತ್ರದ ಮುಂದೆ ತಲೆಬಾಗಿದ ಒಬ್ಬೊಬ್ಬ ಗಂಡಸಿನ ಮುಖವನ್ನೂ ಕೆದಕಿ ನೋಡುತ್ತಿದ್ದ. ಬಂದರಿನ ಕ್ಷೌರಿಕ ಕುಮೆದಾ ಎದುರು ಮನೆಯವನು. ಎದುರು ಮನೆಯವನ ಹೆಂಡತಿ ಸತ್ತರೆ ಇಷ್ಟು ಅಳುವುದುಂಟೇ?

*

ಮದುವೆಯಾದ ಹೊಸತರಲ್ಲಿ ಟ್ಯೂನಾ ಹಡಗಿನಲ್ಲಿ ಹೋಗಿದ್ದ ತೋಕುಜಿರೊ ಯಾವುದೋ ದೂರದ ಬಂದರಿನಿಂದ ಗುಪ್ತರೋಗ ಹೊತ್ತು ತಂದ. ಅವನಿಗೆ ಬೇಗ ವಾಸಿಯಾಯಿತು. ಇಸೊಯೆಗೂ ಅದು ತಗುಲಿದ್ದು ತಡವಾಗಿ ಗೊತ್ತಾಯಿತು. ಇನ್ನು ಮಕ್ಕಳಾಗುವುದಿಲ್ಲ ಎಂದರು ಡಾಕ್ಟರು.

ಅವಳು ಕೂಗಾಡಲಿಲ್ಲ. ಮನೆಮನೆಗೆ ಕಾಂಡೋಮ್ ಮಾರುತ್ತ ಬರುತ್ತಿದ್ದ ಹೆಂಗಸಿನಿಂದ ಒಂದು ಡಬ್ಬಿ ಕೊಂಡು ಬಟ್ಟೆಯ ಪೆಟ್ಟಿಗೆಯಲ್ಲಿಟ್ಟಳು. ಸಮುದ್ರದಿಂದ ಬಂದವನು ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರು ಸರಿ ಅನ್ನುವವರೆಗೆ ಇದಿಲ್ಲದೆ ಹತ್ತಿರ ಬರಬಾರದು ಎಂದು ಹೇಳಿದಳು. ಅವನು ತಲೆತಗ್ಗಿಸಿ ಒಪ್ಪಿದ.

ಆದರೆ ಒಮ್ಮೆ ಹಡಗಿನಿಂದ ಬಂದು ನೋಡಿದರೆ, ಹೋಗುವಾಗ ಬಿಚ್ಚದೇ ಇದ್ದ ಡಬ್ಬಿ ಅರ್ಧ ಖಾಲಿ. ಮುಂದಿನ ಸಲವೂ ಹಾಗೇ. ಅವನ ಹೊಟ್ಟೆಗೆ ಬೆಂಕಿ ಬಿತ್ತು. ಕೇಳೋಣವೆಂದರೆ ಅವನಿಗೆ ಬಾಯೆಲ್ಲಿತ್ತು? ಕೇಳದೆಯೇ ಮುದುಕನಾದ. ಊರಿನ ಗಂಡಸರು ಯಾರು ನಕ್ಕರೂ ತನ್ನನ್ನು ನೋಡಿಯೇ ನಕ್ಕಂತೆ ಅವನಿಗೆ ಅನಿಸುತ್ತಿತ್ತು.

*

ಚಿತಾಗಾರದ ಕೋಣೆಯಲ್ಲಿ ಎಲ್ಲರೂ ಚಹಾ ಕುಡಿಯುತ್ತ, ಹೆಣ ಸುಟ್ಟು ಮುಗಿಯಲೆಂದು ಕಾಯುತ್ತಿದ್ದರು. ಗಂಡಸರಿಗಿಂತ ಹೆಂಗಸರೇ ಹೆಚ್ಚು. ಇವರೆಲ್ಲ ಇಸೊಯೆಗೆ ಹೇಗೆ ಪರಿಚಯವೆಂದು ತೋಕುಜಿರೊಗೆ ತಿಳಿಯಲಿಲ್ಲ, ಅದೂ ಅವನಿಗೆ ಚುಚ್ಚಿತು. ಕೊನೆಗೆ ತಡೆಯಲಾರದೆ ಕುಮೆದಾನ ಮುಂದೆ ಹೋಗಿ ನಿಂತ.

"ಮೂಳೆ ಎತ್ತೋಕೆ ನೀನು ಒಳಗೆ ಬರಬೇಡ."

"ಯಾಕಣ್ಣ?" ಎಂದಳು ಕುಮೆದಾನ ಹೆಂಡತಿ ನುಯಿ.

"ನಿನ್ನ ಗಂಡನ್ನೇ ಕೇಳು. ನಾನು ಸಮುದ್ರದಲ್ಲಿದ್ದಾಗ ನಮ್ಮನೆ ಪೆಟ್ಟಿಗೇಲಿದ್ದ ಡಬ್ಬಿ ಹೇಗೆ ಖಾಲಿ ಆಗ್ತಿತ್ತು ಅಂತ."

ಮೂಲೆಯಲ್ಲಿದ್ದ ಒಬ್ಬಳು ಅಂಗಿಯ ತೋಳಿನಿಂದ ಬಾಯಿ ಮುಚ್ಚಿಕೊಂಡಳು. ಅಳುವೋ ನಗುವೋ ತಿಳಿಯಲಿಲ್ಲ.

"ಖಾಲಿ ಮಾಡಿದ್ದು ನಾವು ಹೆಂಗಸರು," ಎಂದಳು ನುಯಿ. "ಹಡಗು ಬರೋ ಮುಂಚೆ ಅತ್ತಿಗೆ ನಮ್ಮನ್ನೆಲ್ಲ ಕರೆದು ಸೌತೆಕಾಯಿ ಮೇಲೆ ಹಾಕಿ ತೋರಿಸೋರು. ತುದಿ ಹಿಂಡಿ ಗಾಳಿ ತೆಗೀಬೇಕು, ಉಗುರು ತಾಗಿಸಬಾರದು, ಒಂದನ್ನ ಎರಡು ಸಲ ಬಳಸಬಾರದು. ನಾಚ್ಕೊಂಡೋರ ಕೈಗೇ ಸೌತೆಕಾಯಿ ಕೊಟ್ಟು ಮಾಡಿಸೋರು. ಆಮೇಲೆ ಅದನ್ನ ತೊಳೆದು ಉಪ್ಪಿನಕಾಯಿ ಹಾಕೋರು. ನೀವು ಬಂದು ಚೆನ್ನಾಗಿದೆ ಅಂತ ತಿಂತಿದ್ರಿ."

ಈಗ ಹೆಂಗಸರೆಲ್ಲ ನಕ್ಕೇಬಿಟ್ಟರು, ಕಣ್ಣೊರೆಸಿಕೊಳ್ಳುತ್ತ.

ಕುಮೆದಾ ನಗಲಿಲ್ಲ. ತಾನೂ ಸೂಳೆಗೇರಿಗೆ ಹೋಗಿ ಬಂದವನೇ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಇಸೊಯೆ ಹೇಳಿಕೊಟ್ಟಂತೆ ನುಯಿ ಅವನನ್ನು ಬಾಗಿಲಲ್ಲೇ ತಡೆದು ಡಾಕ್ಟರ ಹತ್ತಿರ ಅಟ್ಟಿದ್ದಳು. ರೋಗ ಸಿಕ್ಕಿತು, ಔಷಧಿಯಿಂದ ಹೋಯಿತು, ನುಯಿಗೆ ತಾಗಲಿಲ್ಲ. ಆಮೇಲೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ಅಲ್ಲೇ ಅವನ ಹಿಂದೆ ನಿಂತಿದ್ದರು.

ತೋಕುಜಿರೊ ಆ ಹೆಣ್ಣುಮಕ್ಕಳನ್ನು ನೋಡಿದ. ಹೊಟ್ಟೆಕಿಚ್ಚು ಆರಲಿಲ್ಲ, ಇನ್ನೂ ಹೆಚ್ಚಾಯಿತು. ಇಷ್ಟು ಹೊತ್ತು ಕುಮೆದಾ ತನ್ನ ಹೆಂಡತಿಯನ್ನು ಪಡೆದನೆಂದು ಉರಿದಿದ್ದ. ಈಗ ತನಗೆ ದಕ್ಕದ ಮಕ್ಕಳನ್ನು ಪಡೆದವನೂ ಅವನೇ.

"ನನಗ್ಯಾಕೆ ಅವಳು ಹೇಳಲಿಲ್ಲ?"

"ಹೇಳಿದ್ರೆ ಹಳೇದೆಲ್ಲ ಮೇಲೆ ಬರುತ್ತೆ, ನಿಮಗೆ ನೋವಾಗುತ್ತೆ ಅಂತಿದ್ರು," ಎಂದಳು ನುಯಿ.

ಒಳಗೆ ಕರೆದರು. ತಟ್ಟೆಯ ಮೇಲೆ ಇಸೊಯೆ ಬಿಳಿಯ ಚೂರುಗಳಾಗಿದ್ದಳು, ಬಿಸಿ ಇನ್ನೂ ಮುಖಕ್ಕೆ ಹೊಡೆಯುತ್ತಿತ್ತು. ಒಂದು ಮೂಳೆಯನ್ನು ಇಬ್ಬರು ಸೇರಿ ಕಡ್ಡಿಗಳಿಂದ ಎತ್ತಿ ಮಡಕೆಗೆ ಹಾಕಬೇಕು, ಪಾದದಿಂದ ಶುರು. ಮೊದಲು ಗಂಡ. ಅವನ ಜೊತೆಗೆ ನಿಲ್ಲಬೇಕಾದ ಮಗನಿಲ್ಲ, ಮಗಳಿಲ್ಲ. ಯಾರೂ ಮುಂದೆ ಬರಲಿಲ್ಲ.

ತೋಕುಜಿರೊ ಬಾಗಿಲ ಕಡೆ ತಿರುಗಿದ. ಇವನು ಹೇಳಿದಂತೆ ಕುಮೆದಾ ಹೊರಗೇ ನಿಂತಿದ್ದ.

"ಬಾ ಇಲ್ಲಿ," ಎಂದು ಅವನ ಕೈಗೆ ಕಡ್ಡಿ ಕೊಟ್ಟ.

ಒಂದು ಕಡೆಯಿಂದ ಇವನು, ಇನ್ನೊಂದು ಕಡೆಯಿಂದ ಅವನು, ಇಸೊಯೆಯ ಪಾದದ ಸಣ್ಣ ಮೂಳೆಯನ್ನು ಹಿಡಿದೆತ್ತಿದರು. ಬೀಳಿಸದಂತೆ, ಹೆಜ್ಜೆಗೆ ಹೆಜ್ಜೆ ಕೂಡಿಸಿ ಮಡಕೆಯತ್ತ ನಡೆದರು.