ಹೊಳೆದಂಡೆಯ ನಿಶಾನಿ ಕಲ್ಲು

ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಯಾರೇ ಬಂದರೂ ಉಣ್ಣಿಸದೆ ಕಳಿಸಬಾರದು. ಕಳ್ಳ ಬಂದರೂ ಉಣ್ಣಿಸಬೇಕು. ಅವನು ಉಂಡು ಕೈ ತೊಳೆಯುವ ತನಕ ಕೆಟ್ಟ ಮಾತು ಆಡಬಾರದು. ಇದು ನಮ್ಮ ಭೀಮಾ ದಂಡೆಯ ರಿವಾಜು. ಈ ರಿವಾಜಿಗಾಗಿ ೧೯೪೮ರ ಎಳ್ಳಮವಾಸ್ಯೆಗೆ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ನನ್ನ ಹೊಲ ಮುಳುಗಿಸಲು ಬಂದವನಿಗೆ ನನ್ನ ಹೆಂಡತಿ ಕಸ್ತೂರಿಬಾಯಿ ಸಜ್ಜಿರೊಟ್ಟಿ, ಭಜ್ಜಿಪಲ್ಯ ಬಡಿಸುತ್ತಿದ್ದಳು.

ಅವನ ಹೆಸರು ವ್ಯಂಕಟರಾಯ. ಸರ್ವೆ ಇಂಜಿನಿಯರ್. ಹೋದ ಬೇಸಿಗೆಯಲ್ಲಿ ಶೇರವಾನಿ, ರೂಮಿ ಟೋಪಿ ಹಾಕಿಕೊಂಡು ಬಂದು, ಸರಪಳಿ ಎಳೆದು, ದಂಡೆಯುದ್ದಕ್ಕೂ ಸುಣ್ಣ ಬಳಿದು ನಂಬರ್ ಬರೆಸಿದ ನಿಶಾನಿ ಕಲ್ಲು ನೆಡಿಸಿ ಹೋಗಿದ್ದ. ನಮ್ಮೂರಿನ ಕೆಳಗೆ ಎರಡು ಹರದಾರಿ ದೂರದಲ್ಲಿ ಹೊಳೆಗೆ ಅಡ್ಡ ಆಣೆಕಟ್ಟು ಕಟ್ಟುತ್ತಾರೆ, ಬಿದ್ದ ನೀರಿನಿಂದ ಕರೆಂಟು ತೆಗೆದು ಗಿರಣಿಗಳಿಗೆ ಕೊಡುತ್ತಾರೆ, ಹಿನ್ನೀರು ಈ ಕಲ್ಲಿನ ತನಕ ಬಂದು ನಿಲ್ಲುತ್ತದೆ ಅಂದಿದ್ದ. ಕಲ್ಲಿನ ಕೆಳಗೆ ನಮ್ಮ ಹೊಲ, ನಮ್ಮ ಹುಣಸೆಮರ, ನಮ್ಮ ಹಿರಿಯರ ಗೋರಿ. ಬದಲಿಗೆ ಊರ ಮೇಲಿನ ಮಡ್ಡಿ ಕೊಡುತ್ತಾರಂತೆ. ಮಡ್ಡಿಯಲ್ಲಿ ಬರೀ ಹರಳು. ಅಲ್ಲಿ ಓತಿಕ್ಯಾತವೂ ನೆರಳು ಹುಡುಕುತ್ತದೆ.

ಹೊಳೆದಂಡೆಯ ಎರೆ ಹೊಲ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಳೆಗಾಲದಲ್ಲಿ ಭೀಮೆ ಏರಿ ಬಂದು ಹೊಲದ ಮೇಲೆ ಮಲಗುತ್ತಾಳೆ. ಎದ್ದು ಹೋಗುವಾಗ ಬೆಣ್ಣೆಯಂಥ ರೇವೆ ಮಣ್ಣು ಬಿಟ್ಟು ಹೋಗುತ್ತಾಳೆ. ಗೊಬ್ಬರ ಬೇಡ, ಬಾವಿ ಬೇಡ. ಹಿಂಗಾರಿಗೆ ಬಿಳಿಜೋಳ ಬಿತ್ತಿದರೆ ಇಬ್ಬನಿ ಕುಡಿದು ಆಳೆತ್ತರ ಬೆಳೆಯುತ್ತದೆ.

ಸೆಪ್ಟೆಂಬರಿನಲ್ಲಿ ನಿಜಾಮನ ರಾಜ್ಯ ಬಿತ್ತು. ಕಲ್ಲು ನೆಡಿಸಿದ ಸರಕಾರವೇ ಹೋದ ಮೇಲೆ ಕಲ್ಲಿಗೇನು ಕೆಲಸ ಅಂದುಕೊಂಡೆವು. ಊರೆಲ್ಲ ಹಾರೆ ತಗೊಂಡು ಹೋಗಿ ಕಿತ್ತೆವು. ಕೆಲವು ಬಚ್ಚಲಿಗೆ ಹೋದವು, ಕೆಲವು ದನದ ಗೋದಲಿಗೆ. ಎಳ್ಳಮವಾಸ್ಯೆಗೆ ಹೊಲದಲ್ಲಿ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸುತ್ತೇವಲ್ಲ, ನಾನು ಅದಕ್ಕೂ ಅವನ್ನೇ ಇಟ್ಟೆ. ಸುಣ್ಣ ಬಳಿಯುವ ಕೆಲಸವೂ ಉಳಿಯಿತು.

ಆ ಐದು ಕಲ್ಲಿನ ಮುಂದೆಯೇ ವ್ಯಂಕಟರಾಯ ಬಂದು ನಿಂತ. ತಲೆಯ ಮೇಲೆ ಈಗ ಬಿಳಿ ಟೋಪಿ. ಕೈಯಲ್ಲಿ ಅದೇ ನಕಾಶೆ. ಹಿಂದೆ ಅದೇ ಸರಪಳಿ ಹೊರುವ ಆಳುಗಳು.

"ಧರ್ಮರಾಯನ ಹಣಿ ಮ್ಯಾಲೆ ನನ್ನ ನಂಬರ್ ಅದಲ್ರಿ" ಅಂದ.

"ಮೊದಲು ಉಣ್ರಿ. ಧರ್ಮರಾಯ ಎಲ್ಲೂ ಓಡಿಹೋಗಂಗಿಲ್ಲ" ಅಂದಳು ಕಸ್ತೂರಿಬಾಯಿ.

ಉಂಡ. ಚೆನ್ನಾಗಿಯೇ ಉಂಡ. ಆಳುಗಳೂ ಉಂಡರು. ಅವನ ರೊಟ್ಟಿ ಮುಗಿಯುವಷ್ಟರಲ್ಲಿ ಇವಳು ಇನ್ನೊಂದು ಹಾಕುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

"ಸಾಕು ಬಿಡಬೇ, ಹೊಟ್ಟಿ ಒಡದೀತು ಅವರದು!"

"ನೀವು ಸುಮ್ ಕೂಡ್ರಿ. ಮುಂದಿನ ವರ್ಷ ಇಲ್ಲಿ ಮೀನಿಗೆ ಬಡಸಬೇಕಾಗತದೇನೋ, ಈ ವರ್ಷ ಮನುಷ್ಯಾರಿಗೆ ಬಡಸ್ತೇನಿ."

ವ್ಯಂಕಟರಾಯನ ತುತ್ತು ಅರ್ಧಕ್ಕೆ ನಿಂತಿತು. ಚೊಂಬು ತಗೊಂಡು ಕೈ ತೊಳೆದ. ನಾನು ಕಾದದ್ದೇ ಅದಕ್ಕೆ.

"ರಾಯರ, ಟೋಪಿ ಬದಲಾತು. ನಕಾಶೆ ಯಾಕ ಬದಲಾಗಲಿಲ್ಲ?"

"ಹೊಳಿ ಬದಲಾಗಿಲ್ಲಲ್ರಿ. ನಿಜಾಮ ಇದ್ರೂ ಇಳಿಜಾರು ಅಷ್ಟೇ, ನೆಹರೂ ಸರಕಾರ ಬಂದ್ರೂ ಅಷ್ಟೇ. ದೇಶಕ್ಕ ಕರೆಂಟು ಬೇಕು."

"ನೀರು ನಿಂತಲ್ಲೇ ರೇವಿನೂ ನಿಲ್ಲತದ. ನಿಮ್ಮ ಡ್ಯಾಮು ಹೂಳು ತುಂಬಿ ಹೋಗತದ, ಗೊತ್ತದೇನು?"

"ಗೊತ್ತದ" ಅಂದ, ತಲೆ ಎತ್ತಿ. "ಐವತ್ತು ವರ್ಷದಾಗ ತುಂಬತದ. ಕೆಳಗಿನ ಊರುಗಳಿಗೆ ರೇವಿ ಹೋಗಂಗಿಲ್ಲ, ಅವರ ಎರಿ ಸಾಯತದ. ಮೀನು ಮ್ಯಾಲ ಏರಂಗಿಲ್ಲ. ಎಲ್ಲಾ ನಾನೇ ಬರದು ಕೊಟ್ಟೇನಿ. ಮ್ಯಾಲಿನವರು ಓದ್ಯಾರ. ಓದಿ ಸಹಿ ಹಾಕ್ಯಾರ."

ತಿಳಿಯದೆ ಮಾಡುತ್ತಿದ್ದಾನೆ ಅಂತ ಅಲ್ಲಿಯ ತನಕ ಅಂದುಕೊಂಡಿದ್ದೆ. ತಿಳಿಯದವನಿಗೆ ಹೇಳಬಹುದು. ತಿಳಿದೂ ಬಂದವನಿಗೆ ಏನು ಹೇಳುವುದು?

"ಐವತ್ತು ವರ್ಷದ ಕರೆಂಟಿಗೆ ನಮ್ಮಪ್ಪನ ಅಪ್ಪನ ಕಾಲದಿಂದ ಉಣ್ಣಾಕ ಹಾಕಿದ ಹೊಲ ಕೊಡಬೇಕೇನು? ಕೊಡಂಗಿಲ್ಲ! ನಿಮ್ಮ ಕಲ್ಲು ಬೇಕಾದ್ರ ಒಯ್ರಿ. ಎಲ್ಲೆಲ್ಲಿ ಇದ್ದವು ಅಂತ ಒಬ್ಬನೂ ತೋರಸಂಗಿಲ್ಲ."

ವ್ಯಂಕಟರಾಯ ನಕಾಶೆ ಮಡಚಿದ. "ತೋರಸೋದು ಬ್ಯಾಡ್ರಿ. ಒಂದೇ ಒಂದು ಕಲ್ಲು ನಟ್ಟಲ್ಲೇ ಇದ್ರ ಸಾಕು. ಅದರ ಮಟ್ಟ ಹಿಡಿದು ಉಳದದ್ದೆಲ್ಲಾ ಸಂಜಿಯೊಳಗ ಹಾಕಸ್ತೇನಿ."

"ಒಂದೂ ಇಲ್ಲಂದ್ರ?"

"ಮತ್ತ ಮೊದಲಿಂದ ಅಳೀಬೇಕು. ಒಂದು ವರ್ಷದ ಕೆಲಸ. ಆದ್ರ ಒಂದು ಉಳದದ. ಬಾಜೂ ಹೊಲದಾಗ. ಬರುವಾಗ ನೋಡೇ ಬಂದೇನಿ."

ಬಾಜೂ ಹೊಲ ರಸೂಲನದು. ನಾವು ಹುಡುಗರಿದ್ದಾಗಿನಿಂದ ಎಳ್ಳಮವಾಸ್ಯೆಗೆ ಅವನ ಮನೆಯವರು ನಮ್ಮ ಹೊಲದಲ್ಲೇ ಉಣ್ಣುವುದು. ಅವತ್ತೂ ಅವನು, ಅವನ ಹೆಂಡತಿ ಪ್ಯಾರಿಬಿ ಅಲ್ಲೇ ಕೂತಿದ್ದರು. ಊರೆಲ್ಲ ಕಲ್ಲು ಕಿತ್ತಾಗ ಅವನೊಬ್ಬ ಕಿತ್ತಿರಲಿಲ್ಲ. ನಿಜಾಮನ ರಜಾಕಾರರು ಮಾಡಿದ ಪಾಪಕ್ಕೆ ಏನೂ ಮಾಡದ ಮುಸಲ್ಮಾನರ ಮನೆಗಳೂ ಉರಿದ ತಿಂಗಳು ಅದು. ಗಂಡ ಹೆಂಡತಿ ನಮ್ಮ ದನದ ಕೊಟ್ಟಿಗೆಯ ಅಟ್ಟದ ಮೇಲೆ ದಿನ ಕಳೆದಿದ್ದರು. ಹೊಸ ಸರಕಾರದ ಮುಂದೆ ತನ್ನ ಹೆಸರು ಬರಬಾರದು ಅನ್ನುವುದೊಂದೇ ಅವನ ಆಸೆ. ಅವನನ್ನು ಬೈಯಲು ನನಗೂ ಬಾಯಿ ಬರಲಿಲ್ಲ.

ಎಲ್ಲರೂ ಅವನ ಹೊಲಕ್ಕೆ ನಡೆದೆವು. ಆಳೆತ್ತರದ ಜೋಳದ ನಡುವೆ ಕಲ್ಲು ನಿಂತಿತ್ತು. ಆಳುಗಳು ಸರಪಳಿ ಬಿಚ್ಚತೊಡಗಿದರು. ವ್ಯಂಕಟರಾಯ ರಸೂಲನ ಬೆನ್ನು ತಟ್ಟಿ, "ಊರಾಗ ನೀ ಒಬ್ಬನೇ ಸರಕಾರದ ಕಾಯ್ದೆ ಪಾಲಿಸಿದವ. ಶ್ಯಾಣ್ಯಾ ಇದ್ದಿ" ಅಂದ.

ಆ ಮಾತು ಅವನು ಆಡಬಾರದಿತ್ತು.

ರಸೂಲ ಕಲ್ಲನ್ನು ನೋಡಿದ. ಜೋಳವನ್ನು ನೋಡಿದ. ಆಮೇಲೆ ಪ್ಯಾರಿಬಿಯನ್ನು ನೋಡಿದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಕ್ಯಾ ದೇಖ್ತೈಂ ಜೀ? ಕೀಳ್ರಿ!" ಅಂದಳು.

ಹಾರೆ ಇರಲಿಲ್ಲ. ರಸೂಲ ಕಲ್ಲನ್ನು ತಬ್ಬಿಕೊಂಡು ಅಲ್ಲಾಡಿಸಿದ. ರೇವೆಯಲ್ಲಿ ನಟ್ಟ ಕಲ್ಲು ಸುಲಭಕ್ಕೆ ಬರುವುದಿಲ್ಲ. ಆಳುಗಳು ಹಿಡಿಯಲು ಬಂದರು. ನಾನು ಅಡ್ಡ ನಿಂತೆ. "ಮುಟ್ಟಿದ್ರ ಕೈ ಮುರೀತೇನಿ ಮಕ್ಕಳ! ನೀವೂ ಉಂಡೀರಿ, ಕೈ ತೊಳದೀರಿ" ಅಂದೆ. ಅವರಿಗೂ ಅಂಥ ಅವಸರವೇನಿರಲಿಲ್ಲ ಅನ್ನಿ. ಕಲ್ಲು ಕಿತ್ತುಬಂತು. ಗಂಡ ಹೆಂಡತಿ ಉರುಳಿಸಿಕೊಂಡು ಹೋಗಿ ದಂಡೆಯಿಂದ ಮಡುವಿಗೆ ತಳ್ಳಿದರು. ಕುಣಿ ಇದ್ದಲ್ಲಿ ಕಸ್ತೂರಿಬಾಯಿ ಕಾಲಿನಿಂದ ಮಣ್ಣು ಎಳೆದು ತುಳಿದಳು.

ವ್ಯಂಕಟರಾಯನ ಮುಖ ಕೆಂಪೇರಿತು. ಜೇಬಿನಿಂದ ಪೆನ್ಸಿಲು ತೆಗೆದ. "ಸರಕಾರಿ ನಿಶಾನಿ ಕಿತ್ತಿ. ಪೋಲೀಸರು ಬರತಾರ. ಹೆಸರೇನು ನಿಂದು?"

ನಾನು ನಡುವೆ ಬಾಯಿ ಹಾಕಿದೆ. "ಬಸವಂತರಾಯ ಅಂತ ಬರಕೋರಿ. ಕಿತ್ತವ ನಾ."

"ಬಸಣ್ಣ, ನೀ ಬಾಜೂಕ ಸರಿ" ಅಂದ ರಸೂಲ. ಏದುಸಿರು ಬಿಡುತ್ತಿದ್ದ, ಎದೆಯ ತುಂಬ ಕೆಸರು. "ರಸೂಲ, ತಂದಿ ಹೆಸರು ಇಮಾಮಸಾಬ. ಈ ಹೊಲ ನಂದು. ಮುಂದಿನ ವರ್ಷ ಬಿತ್ತೋನೂ ನಾನೇ. ದೊಡ್ಡಕ್ಷರದಾಗ ಬರಕೋರಿ ಸಾಹೇಬ್ರ."

ವ್ಯಂಕಟರಾಯ ಬರೆದುಕೊಂಡ. ನನ್ನದೂ ಬರೆದುಕೊಂಡ. ಪೆನ್ಸಿಲು ಜೇಬಿಗೆ ಇಡಲು ಹೋದಾಗ ಕಸ್ತೂರಿಬಾಯಿ ಅವನ ಮುಂದೆ ಹೋಗಿ ನಿಂತಳು.

"ಹೆಣ್ಮಕ್ಕಳ ಹೆಸರು ಬರಿಯೋದಿಲ್ಲೇನ್ರಿ ನಿಮ್ಮ ಹೊಸಾ ಸರಕಾರದಾಗ? ನಾವೂ ಇಬ್ಬರು ಇದ್ದೇವಿ."