ಗೊತ್ತಿದ್ದೂ ಕೇಳುವ ಪ್ರಶ್ನೆ

ಶಿಶುವಿಹಾರದ ಟೀಚರಿಗೆ ತಮ್ಮ ಕೆಲಸದ ಮೇಲೆ ಸ್ವಲ್ಪ ಹೆಚ್ಚೇ ಅನ್ನುವಷ್ಟು ಅಭಿಮಾನ. ಎಂಥ ಮೂಗಬಸವನನ್ನಾದರೂ ತಿಂಗಳೊಳಗೆ ಮಾತಾಡಿಸಿಬಿಡುತ್ತೇನೆ ಎನ್ನುತ್ತಿದ್ದರು, ಮಾತಾಡಿಸಿಯೂ ಇದ್ದರು. ಆ ಅಭಿಮಾನದ ಬುಡಕ್ಕೆ ಈ ವರ್ಷ ಕೊಡಲಿ ಹಾಕಿದವಳು ಗೇಣುದ್ದದ ಪುಟ್ಟಿ.

ಪುಟ್ಟಿಯ ಮನೆಯವರು ದೂರದ ದೇಶದಿಂದ ಬಂದು, ಬಸ್ ನಿಲ್ದಾಣದ ಹಿಂದೆ ಛತ್ರಿ, ಚೀಲ ರಿಪೇರಿ ಮಾಡಿಕೊಂಡಿದ್ದರು. ಕೂರು ಎಂದರೆ ಪುಟ್ಟಿ ಕೂರುತ್ತಿದ್ದಳು, ಬಾಗಿಲು ಹಾಕು ಎಂದರೆ ಹಾಕುತ್ತಿದ್ದಳು. ಅಂದರೆ ಶಾಲೆಯ ಭಾಷೆ ತಿಳಿಯುತ್ತಿತ್ತು. ಆದರೆ ಟೀಚರ್ ಚೆಂಡೊಂದನ್ನು ಎತ್ತಿ ಹಿಡಿದು "ಇದು ಯಾವ ಬಣ್ಣ ಪುಟ್ಟಿ?" ಎಂದರೆ ಮುಗಿಯಿತು. ಚೆಂಡನ್ನೊಮ್ಮೆ ಟೀಚರನ್ನೊಮ್ಮೆ ನೋಡಿ ತಲೆ ತಗ್ಗಿಸಿದಳೆಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಗದರಿದ್ದಾಯಿತು, ಮುದ್ದು ಮಾಡಿದ್ದಾಯಿತು, ಏನೂ ನಡೆಯಲಿಲ್ಲ. ಕೊನೆಗೆ ಹೆಡ್‌ಮಿಸ್ಸು, "ಶುಕ್ರವಾರ ಪರೀಕ್ಷಕರು ಬರ್ತಾರೆ. ಅವರ ಮುಂದೂ ಬಾಯಿ ಬಿಡದಿದ್ರೆ ಊರಾಚೆ ಇರೋ ನಿಧಾನದ ಮಕ್ಕಳ ಶಾಲೆಗೆ ಕಳಿಸೋದೇ" ಎಂದುಬಿಟ್ಟರು. ಅಲ್ಲಿಗೆ ಹೋದ ಮಗು ತಿರುಗಿ ಬಂದದ್ದನ್ನು ಟೀಚರ್ ಕಂಡಿರಲಿಲ್ಲ. ಅವರಿಗೆ ಅನ್ನ ಸೇರದಂತಾಯಿತು.

ಅದೇ ದಿನಗಳಲ್ಲಿ ತರಗತಿಯ ಹಿಂದೆ ಇನ್ನೊಬ್ಬರು ಬಂದು ಕೂರತೊಡಗಿದ್ದರು. ವಿಶ್ವವಿದ್ಯಾಲಯದವರು. ಬೇರೆ ಬೇರೆ ನಾಡಿನ ಜನ ಒಂದೆಡೆ ಸೇರಿದಾಗ ಹೇಗೆ ಮಾತಾಡುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ ಎಂದು ಅಧ್ಯಯನ ಮಾಡುವುದೇ ಅವರ ಕಸುಬು. ಶಾಲೆಯ ಆಯಾ ಅವರಿಗೆ 'ಕಿವಿಯಮ್ಮ' ಎಂದು ಹೆಸರಿಟ್ಟಾಗಿತ್ತು. "ಕಂಡೋರ ಮಾತಿಗೆ ಕಿವಿ ಕೊಡೋಕೂ ಸಂಬಳವಂತೆ. ನಮ್ಮತ್ತೆ ಪಾಪ ಬಿಟ್ಟಿಯಾಗಿ ಮಾಡ್ತಿದ್ರು" ಎಂದು ಟೀಚರ್ ಎಲ್ಲರನ್ನೂ ನಗಿಸಿದ್ದರು.

ಬರಬರುತ್ತ ಆ ನಗೆ ಅವರಿಗೇ ನಾಚಿಕೆ ತರಿಸಿತು. ಕಿವಿಯಮ್ಮ ಮಕ್ಕಳ ಎತ್ತರಕ್ಕೆ ನೆಲದ ಮೇಲೆ ಕೂರುತ್ತಿದ್ದರು. ಮಗು ತೊದಲಿದರೆ ನಡುವೆ ಬಾಯಿ ಹಾಕುತ್ತಿರಲಿಲ್ಲ. ಮಾತು ಮುಗಿದ ಮೇಲೂ, ಇನ್ನೇನಾದರೂ ಉಳಿದಿದ್ದೀತು ಎಂದು ತುಸು ಕಾಯುತ್ತಿದ್ದರು. ಹೀಗೆ ಕೇಳಿಸಿಕೊಳ್ಳುವವರನ್ನು ಟೀಚರ್ ಜನ್ಮದಲ್ಲಿ ಕಂಡಿರಲಿಲ್ಲ. ಗಂಡನ ವಿಷಯವಂತೂ ಎತ್ತುವುದೇ ಬೇಡ.

ಪರೀಕ್ಷೆಗೆ ಮುಂಚೆ ಕಿವಿಯಮ್ಮ, "ಪುಟ್ಟಿ ಮನೆಗೆ ಹೊರಟಿದ್ದೀನಿ, ಬರ್ತೀರಾ?" ಎಂದರು. ಟೀಚರ್ ಜೊತೆಗೆ ಹೊರಟರು.

ಒಂದೇ ಕೋಣೆ. ಗೋಡೆಯುದ್ದಕ್ಕೂ ಛತ್ರಿಯ ಅಸ್ಥಿಪಂಜರಗಳು, ಗೋಂದಿನ ವಾಸನೆ. ನಡುವೆ ಕೂತಿದ್ದ ಪುಟ್ಟಿ ಅರಳು ಹುರಿದಂತೆ ಮಾತಾಡುತ್ತಿದ್ದಳು. ಇಕ್ಕಳ ಎಲ್ಲಿ, ಬಾಗಿಲಲ್ಲಿ ಯಾರು ಎಂದು ಅಜ್ಜಿ ತಮ್ಮ ಭಾಷೆಯಲ್ಲಿ ಕೇಳಿದರೆ ಥಟ್ಟನೆ ಉತ್ತರ. ಗಿರಾಕಿಯೊಬ್ಬ ಬಂದು ಚೀಲ ಆಯಿತೇ ಎಂದಾಗ ಶಾಲೆಯ ಭಾಷೆಯಲ್ಲೇ, "ಜಿಪ್ ಬಂದಿಲ್ಲ. ನಾಳೆ ಬನ್ನಿ" ಎಂದು ದೊಡ್ಡವರ ಹಾಗೆ ಸಾಗಹಾಕಿದಳು. ಟೀಚರ್ ಬೆಪ್ಪಾಗಿ ನಿಂತರು. ಕಿವಿಯಮ್ಮ ಆಗಲೇ ಅಜ್ಜಿಯ ಪಕ್ಕ ಕೂತು, ಹೊಲಿಗೆಗೆ ಬಟ್ಟೆ ಬಿಗಿಯಾಗಿ ಹಿಡಿದುಕೊಟ್ಟು, ಅವರ ಭಾಷೆಯನ್ನು ತಪ್ಪುತಪ್ಪಾಗಿ ಆಡುತ್ತಿದ್ದರು. ತಮ್ಮ ತಪ್ಪಿಗೆ ಮನೆಮಂದಿ ನಕ್ಕರೆ ತಾವೂ ನಗುತ್ತಿದ್ದರು.

ಹುಟ್ಟುಗುಣ ಬಿಟ್ಟೀತೇ? ಟೀಚರ್ ಒಂದು ಛತ್ರಿ ಎತ್ತಿ, "ಇದು ಯಾವ ಬಣ್ಣ ಪುಟ್ಟಿ?" ಎಂದರು.

ಪುಟ್ಟಿ ತಲೆ ತಗ್ಗಿಸಿದಳು. ಅಜ್ಜಿ ಪ್ರಶ್ನೆಯ ಅರ್ಥವನ್ನು ಕಿವಿಯಮ್ಮನಿಂದ ತಿಳಿದುಕೊಂಡು, ದನಿ ತಗ್ಗಿಸಿ ಅವರಿಗೆ ಏನೋ ಅಂದರು. ಕಿವಿಯಮ್ಮ ಹೇಳಲೋ ಬೇಡವೋ ಎಂದು ತಡವರಿಸಿದರು.

"ಹೇಳಿ, ಪರವಾಗಿಲ್ಲ" ಎಂದರು ಟೀಚರ್.

"'ಪಾಪ, ಟೀಚರಮ್ಮನ ಕಣ್ಣಿಗೆ ಏನಾಗಿದೆ?' ಅಂತ ಕೇಳ್ತಿದ್ದಾರೆ."

ಟೀಚರ್ ಮುಖ ಇಂಗು ತಿಂದ ಮಂಗನಂತಾಯಿತು.

ವಾಪಸು ಬರುವಾಗ ಕಿವಿಯಮ್ಮ ಹೇಳಿದರು. "ಆ ಮನೇಲಿ ದೊಡ್ಡವರು ತಮಗೆ ಗೊತ್ತಿಲ್ಲದ್ದನ್ನ ಮಾತ್ರ ಕೇಳ್ತಾರೆ. ಗೊತ್ತಿದ್ದೂ ಕೇಳೋದು ಅಂದ್ರೇನು ಅಂತ ಮಗುಗೆ ತಿಳಿಯೋದಾದ್ರೂ ಹೇಗೆ? ನಮ್ಮಲ್ಲಿ ತೊಟ್ಟಿಲಲ್ಲೇ 'ಮೂಗೆಲ್ಲಿ, ಕಿವಿಯೆಲ್ಲಿ' ಅಂತ ಶುರು ಹಚ್ಕೊಳ್ತೀವಿ."

"ಮೊದಲೇ ಯಾಕೆ ಹೇಳಲಿಲ್ಲ ನೀವು?"

"ಬರೀ ಅನುಮಾನ ಇತ್ತು. ನೀವು ಬಂದು ಕೇಳಿದ್ದರಿಂದ ಗಟ್ಟಿಯಾಯ್ತು."

ತಾನು ಗೆದ್ದೆ ಎಂಬ ಭಾವ ಆ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಕಲಿತರೆ ಇಂಥ ವಿದ್ಯೆ ಕಲಿಯಬೇಕು ಎಂದುಕೊಂಡರು ಟೀಚರ್.

ಶುಕ್ರವಾರ ಪರೀಕ್ಷಕರು ಚಿತ್ರದ ಕಾರ್ಡುಗಳನ್ನು ಹಿಡಿದು ಬಂದರು. "ಇದೇನು ಮರಿ?" ಹಣ್ಣಿನ ಚಿತ್ರ. ಪುಟ್ಟಿ ತಲೆ ತಗ್ಗಿಸಿದಳು. ದೋಣಿಯ ಚಿತ್ರ, ಹಕ್ಕಿಯ ಚಿತ್ರ. ತಲೆ ಮೇಲೇಳಲಿಲ್ಲ. ಪರೀಕ್ಷಕರು ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ತೆಗೆದರು.

"ಸಾರ್, ಒಂದು ನಿಮಿಷ" ಎಂದು ಟೀಚರ್ ಪುಟ್ಟಿಯ ಎದುರು ನೆಲದ ಮೇಲೆ ಕೂತರು. "ಪುಟ್ಟಿ, ಛತ್ರಿ ಕಡ್ಡಿ ಮುರಿದ್ರೆ ಅಜ್ಜಿ ಏನು ಮಾಡ್ತಾರೆ? ನಂಗೆ ನಿಜವಾಗ್ಲೂ ಗೊತ್ತಿಲ್ಲಮ್ಮ." ಕೇಳಿ ಸುಮ್ಮನಾದರು. ಬಾಯಿ ಹಾಕದೆ ಕಾಯುವುದು ಎಷ್ಟು ಕಷ್ಟ ಎಂದು ಅವರಿಗೆ ಆಗಲೇ ತಿಳಿದದ್ದು.

ಪುಟ್ಟಿ ತಲೆ ಎತ್ತಿದಳು.

"ಹಳೇ ಛತ್ರಿದು ಬಿಚ್ಚಿ ಹಾಕ್ತಾರೆ. ಒಂದು ಛತ್ರೀಲಿ ಎಂಟು ಕಡ್ಡಿ ಇರತ್ತೆ. ಒಂದು ಹೋದ್ರೆ ಏಳೇ. ಕಪ್ಪು ಬಟ್ಟೆಗೆ ಕಪ್ಪು ದಾರ, ಹಸಿರಿಗೆ ಹಸಿರು. ಸೂಜಿಗೆ ನಾನೇ ಪೋಣಿಸ್ತೀನಿ. ಅಜ್ಜಿಗೆ ಕಾಣಲ್ಲ."

ಲೆಕ್ಕವೂ ಬಂತು, ಬಣ್ಣವೂ ಬಂತು. ಪರೀಕ್ಷಕರು ಪೆನ್ನು ಹಿಡಿದವರು ಹಿಡಿದಂತೆಯೇ ಕೇಳುತ್ತ ಕೂತರು. ಕೊನೆಗೆ ಅವರಿಗೂ ನಿಜವಾಗಿ ಗೊತ್ತಿಲ್ಲದ ಪ್ರಶ್ನೆಯೊಂದು ಬಾಯಿಗೆ ಬಂತು. "ಇಷ್ಟೆಲ್ಲ ಬರತ್ತಲ್ಲ ನಿಂಗೆ. ಮತ್ತೆ ಟೀಚರ್ ಬಣ್ಣ ಕೇಳಿದ್ರೆ ಬಾಯೇ ಬಿಡಲ್ಲ ಅಂತ ಹೆಡ್‌ಮಿಸ್ಸು ಹೇಳಿದ್ರು, ಯಾಕೆ ಹೇಳ್ತಿರಲಿಲ್ಲ?"

ಪುಟ್ಟಿ ಅವರ ಹತ್ತಿರ ಹೋಗಿ, ಟೀಚರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದಳು. ಕೋಣೆ ಚಿಕ್ಕದು, ಎಲ್ಲರಿಗೂ ಕೇಳಿಸಿತು.

"ಟೀಚರ್‌ಗೆ ಬಣ್ಣ ಗೊತ್ತಿಲ್ಲ. ಎಲ್ಲರ ಮುಂದೆ ಹೇಳಿಕೊಟ್ರೆ ಅವರಿಗೆ ಅವಮಾನ ಆಗಲ್ವಾ?"

ಪರೀಕ್ಷಕರು ಕಾರ್ಡುಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡು, "ಇವಳು ಇಲ್ಲೇ ಇರಲಿ" ಎಂದರು. ಟೀಚರ್ ನೆಲದಿಂದ ಏಳಲಿಲ್ಲ. ವರ್ಷವಿಡೀ ಈ ಮಗು ಬೈಸಿಕೊಂಡೂ ತಮ್ಮ ಮಾನ ಕಾಯುತ್ತ ಕೂತಿತ್ತು ಎಂದು ತಿಳಿದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.